ಟ್ಯಾಂಕ್ ಫುಲ್ ಮಾಡಿಸಿಬಿಡಬಾರದಾ?

ವಿಮಾನಗಳ ದಾರಿ, ಇಂಧನದ ಲೆಕ್ಕ ಹಾಕುವ ಡಿಸ್ಪ್ಯಾಚ್ ವಿಭಾಗದಲ್ಲಿ ಕೆಲಸ ಅಂದ ಕೂಡಲೇ ಜನ ಕೇಳುವುದು ಇದನ್ನೇ: "ದುಡ್ಡು ಉಳಿಸೋಕೆ ಇಂಧನ ಕಡಿಮೆ ಹಾಕಿಸ್ತೀರಂತೆ? ಟ್ಯಾಂಕ್ ಫುಲ್ ಮಾಡಿಸಿಬಿಟ್ರೆ ನಿಶ್ಚಿಂತೆ ಅಲ್ವೇನ್ರೀ?"

ದುಡ್ಡು ಉಳಿಯುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಲೆಕ್ಕ ನೋಡಿ. ಬೆಂಗಳೂರಿನಿಂದ ದೆಹಲಿಗೆ ಏರ್‌ಬಸ್ ಎ320 ಸುಡುವುದು ಹೆಚ್ಚುಕಡಿಮೆ 6 ಟನ್. ಟ್ಯಾಂಕಿಗೆ ಹಿಡಿಸುವುದು 18 ಟನ್‌ಗೂ ಮೇಲೆ. ಸೀಟೆಲ್ಲ ಭರ್ತಿಯಾಗಿ ಟ್ಯಾಂಕೂ ಭರ್ತಿಯಾದರೆ, ದೆಹಲಿ ಮುಟ್ಟುವ ಹೊತ್ತಿಗೆ ವಿಮಾನ ಇಳಿಯಬಹುದಾದ ತೂಕದ ಮಿತಿಯನ್ನೇ ಮೀರಿರುತ್ತದೆ!

ಹೊತ್ತ ಇಂಧನವೂ ಇಂಧನ ತಿನ್ನುತ್ತದೆ. ಗಂಟೆಗೆ ಸುಮಾರು 3% ಅಂತಿಟ್ಟುಕೊಳ್ಳಿ. ಬೇಡದ 1 ಟನ್ ಹೊತ್ತು ಎರಡೂವರೆ ಗಂಟೆ ಹಾರಿದರೆ 75 ಕೆ.ಜಿ. ಬರೀ ಹೊರುವುದಕ್ಕೇ ಖರ್ಚು. ಒಂದು ಕೆ.ಜಿ. ಸುಟ್ಟರೆ 3.16 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅಂದರೆ 235 ಕೆ.ಜಿ.ಗೂ ಹೆಚ್ಚು ಗಾಳಿಗೆ.

ಹಾಗಂತ ಯಾರೂ ಜಿಪುಣತನ ಮಾಡುವುದಿಲ್ಲ. ದಾರಿಖರ್ಚಿನ ಮೇಲೆ ಅನಿರೀಕ್ಷಿತಕ್ಕೆ ಒಂದಿಷ್ಟು, ಬೇರೆ ನಿಲ್ದಾಣಕ್ಕೆ ಹೋಗಬೇಕಾಗಿ ಬಂದರೆ ಅದಕ್ಕೆ, ಅದೂ ಮುಗಿದ ಮೇಲೆ ಅರ್ಧ ಗಂಟೆ ಸುತ್ತುವಷ್ಟು. ಚಳಿಗಾಲದ ಬೆಳಗ್ಗೆ ದೇವನಹಳ್ಳಿಯಲ್ಲಿ ಮಂಜು ಕವಿಯುವ ಸೂಚನೆ ಇದ್ದರೆ, ಬೆಂಗಳೂರಿಗೆ ಬರುವ ವಿಮಾನಕ್ಕೆ ಚೆನ್ನೈಗೋ ಹೈದರಾಬಾದಿಗೋ ತಿರುಗುವ ಲೆಕ್ಕದ ಜೊತೆಗೆ ಕಾಯುವುದಕ್ಕೂ ಸೇರಿಸುತ್ತೇವೆ. ಕ್ಯಾಪ್ಟನ್ "ಇನ್ನೊಂದು 500 ಕೆ.ಜಿ. ಹಾಕಿ" ಅಂದರೆ ಹಾಕಲೇಬೇಕು. ಕೊನೆಯ ಮಾತು ಅವರದು.

ರೆಕ್ಕೆಯ ತುದಿ ಮೇಲಕ್ಕೆ ಬಾಗಿರುವುದು, ಇಳಿದ ಮೇಲೆ ಒಂದೇ ಎಂಜಿನ್‌ನಲ್ಲಿ ಟ್ಯಾಕ್ಸಿ ಮಾಡುವುದು, ಅಂದರೆ ನೆಲದ ಮೇಲೆ ಸಾಗುವುದು, ಇವೆಲ್ಲ ಇಂಧನದ ಉಳಿತಾಯವೇ.

ನನಗೆ ಸಿಟ್ಟು ಬರುವುದು ಟ್ಯಾಂಕರಿಂಗ್ ಕಂಡರೆ. ಅಗ್ಗದ ಊರಲ್ಲಿ ಜಾಸ್ತಿ ತುಂಬಿಸಿ, ದುಬಾರಿ ಊರಲ್ಲಿ ಕೊಳ್ಳದೆ ವಾಪಸ್ ಬರುವುದು. ನಮ್ಮಲ್ಲಿ ವಿಮಾನದ ಇಂಧನ, ಅಂದರೆ ಎಟಿಎಫ್, ಇನ್ನೂ ಜಿಎಸ್‌ಟಿಯ ಹೊರಗಿದೆ. ಒಂದೊಂದು ರಾಜ್ಯದ ವ್ಯಾಟ್ ಒಂದೊಂದು ಥರ. ಹೊರುವ ಖರ್ಚು ಕಳೆದೂ ಲಾಭ ಉಳಿದರೆ ಕಂಪನಿ ಬಿಡುತ್ತದೆಯೇ? ಯುರೋಪಿಯನ್ ಒಕ್ಕೂಟ ಇದಕ್ಕೆ ಕಾನೂನನ್ನೇ ತಂದಿದೆ: ಅಲ್ಲಿನ ನಿಲ್ದಾಣದಿಂದ ಹೊರಡಲು ಬೇಕಾಗುವ ವಾರ್ಷಿಕ ಇಂಧನದಲ್ಲಿ 90% ಅಲ್ಲೇ ತುಂಬಿಸಿಕೊಳ್ಳಬೇಕು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ರಾಜ್ಯಗಳ ತೆರಿಗೆ ಒಂದು ಮಟ್ಟಕ್ಕೆ ಬಂದರೂ ಈ ಹೊರೆಯಲ್ಲಿ ಬಹುಪಾಲು ಇಳಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ.