ಕಾಲ್ ಸೆಂಟರ್ ಶಿವಮೊಗ್ಗಕ್ಕೂ ಬರಲಿ

ಇಂಗ್ಲಿಷ್, ಸ್ಪ್ಯಾನಿಷ್ ಎರಡೂ ಗೊತ್ತಿರುವವರು ಬೇಕಾದರೆ ಅಮೆರಿಕದ ಕಂಪನಿಗಳು ಮೆಕ್ಸಿಕೊ, ಕೊಲಂಬಿಯಾ, ಕೋಸ್ಟರಿಕಾ ಕಡೆ ನೋಡುತ್ತವೆ. ಹತ್ತಿರದ ದೇಶಗಳು, ಗಡಿಯಾರದಲ್ಲೂ ಜಾಸ್ತಿ ವ್ಯತ್ಯಾಸ ಇಲ್ಲ. ಅಲ್ಲಿಯವರು ಹಗಲಲ್ಲೇ ಕರೆ ತೆಗೆದುಕೊಳ್ಳಬಹುದು. ಅದೇ ಕೆಲಸ ಬೆಂಗಳೂರಿಗೆ ಬಂದರೆ ರಾತ್ರಿ ಪಾಳಿ.

ಈ ಲೆಕ್ಕವನ್ನು ನಮ್ಮ ರಾಜ್ಯದೊಳಗೂ ಹಾಕಬಹುದು ಅಲ್ವಾ? ಬ್ಯಾಂಕು, ವಿಮೆ ಕಂಪನಿಗೆ ಫೋನ್ ಮಾಡಿದರೆ ಕನ್ನಡದಲ್ಲಿ ಸಮಾಧಾನವಾಗಿ ಮಾತಾಡುವವರು ಬೇಕು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕನ್ನಡ, ಉರ್ದು, ತಮಿಳು ಒಟ್ಟೊಟ್ಟಿಗೇ ಕೇಳುತ್ತವೆ. 2023ರಲ್ಲಿ ವಿಮಾನ ನಿಲ್ದಾಣವೂ ಬಂತು. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಕರೆಂಟು, ನೆಟ್‌ವರ್ಕ್ ಕೈಕೊಡುತ್ತವೆ ನಿಜ. ಹಾಗಾಗಿ ಆಫೀಸು ಪೇಟೆಯಲ್ಲೇ ಇರಲಿ, ಜನರೇಟರ್ ಜೊತೆ ಬೇರೆ ಬೇರೆ ಕಂಪನಿಯ ಎರಡು ಇಂಟರ್ನೆಟ್ ಲೈನ್ ಇರಲಿ. ನನ್ನ ತಂಗಿ ಇಂಥ ಕೆಲಸಕ್ಕೇ ಬೆಂಗಳೂರಿನ ಪಿಜಿಯಲ್ಲಿದ್ದಾಳೆ.