ನಂಗೂ ಹಾಕ್ತಾರೇನೇ?

ಭಾನುವಾರ ಅಮ್ಮ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಬೋರ್ಡ್ ಮೇಲೆ ಬರೆಯುವಾಗ ಬರುತ್ತದೆ, ಬಸ್ಸಿನಲ್ಲಿ ಕೂತಾಗ ಬರುತ್ತದೆ, ರಾತ್ರಿ ಹಲ್ಲುಜ್ಜುವಾಗಂತೂ ಬಂದೇ ಬರುತ್ತದೆ. "ನಂಗೂ ಹಾಕ್ತಾರೇನೇ?"

ಕೇಳಿದ್ದು ಹಲ್ಲಿನ ಕ್ಲಿಪ್ ಬಗ್ಗೆ. ಅಮ್ಮನಿಗೆ 69.

ಎಲ್ಲರೂ ನಕ್ಕೆವು. ಮೊದಲು ನಕ್ಕಿದ್ದು ನಾನು.

ಅವತ್ತು ತುಮಕೂರಿನಲ್ಲಿ ಅಕ್ಕನ ಮನೆಯ ವರಾಂಡದಲ್ಲಿ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ಅಮ್ಮ ಪಾವಗಡದ ಹತ್ತಿರದ ನಮ್ಮೂರಿನಿಂದ ಒಂದು ಚೀಲ ಅವರೆಕಾಯಿ ತಂದಿದ್ದಳು. ಮಧುಗಿರಿ, ಕೊರಟಗೆರೆ ದಾಟಿ ಸುಮಾರು 100 ಕಿಲೋಮೀಟರ್ ಬಸ್ಸು. ತುಮಕೂರಲ್ಲಿ ಅವರೆಕಾಯಿ ಸಿಗಲ್ವಾ ಅಂದರೆ, "ಸಿಗುತ್ತೆ, ಸೊಗಡಿರಲ್ಲ" ಅನ್ನುತ್ತಾಳೆ. ಅದರ ಜೊತೆ ಹುರಿದ ಕಡಲೆಕಾಯಿ ಬೇರೆ. ನನಗೆ ಕ್ಲಿಪ್ ಹಾಕಿದ ಡಾಕ್ಟರ್ ಕೊಟ್ಟ ಚೀಟಿಯಲ್ಲಿ ಕಡಲೆಕಾಯಿ, ಚಕ್ಕುಲಿ, ನಿಪ್ಪಟ್ಟು, ಕಬ್ಬು, ಚಿಕ್ಕಿ ಬೇಡ ಅಂತ ದಪ್ಪಕ್ಷರದಲ್ಲಿ ಬರೆದಿದೆ. ಆದರೂ ಪಾವಗಡದವಳ ಮುಂದೆ ಕಡಲೆಕಾಯಿ ಇಟ್ಟು ಸುಮ್ನೆ ಕೂರು ಅಂದರೆ ಆಗುತ್ತಾ? ನಾಲ್ಕನೆಯದೋ ಐದನೆಯದೋ ಕಚ್ಚಿದೆ. ಟಕ್ ಅಂತು. ಮುಂದಿನ ಹಲ್ಲಿಗೆ ಅಂಟಿಸಿದ್ದ ಬ್ರಾಕೆಟ್, ಅಂದರೆ ತಂತಿ ಹಿಡಿಯುವ ಪುಟ್ಟ ಚೂರು, ಬಿಟ್ಟುಕೊಂಡು ತಂತಿಯ ಮೇಲೆ ಮಣಿಯ ಹಾಗೆ ಅತ್ತಿತ್ತ ಓಡಾಡತೊಡಗಿತು. ಐದು ತಿಂಗಳಲ್ಲಿ ಇದು ಮೂರನೇ ಸಲ.

"ಅಲ್ಲಾಡಿಸಬೇಡ ಚಿಕ್ಕಮ್ಮ, ಮೇಣ ಹಾಕು" ಅಂದ ಅಕ್ಕನ ಮಗ. ಅವನಿಗೆ 13. ಕ್ಲಿಪ್ ಹಾಕಿಸಿ ಒಂದೂವರೆ ವರ್ಷ ಆಗಿದೆ. ಈ ವಿಷಯದಲ್ಲಿ ಅವನು ನನಗೆ ಸೀನಿಯರ್, ಅದನ್ನು ಅವನು ಮರೆಯುವುದೂ ಇಲ್ಲ. ಬಚ್ಚಲಿಗೆ ಓಡಿ ತನ್ನ ಮೇಣದ ಡಬ್ಬಿ ತಂದುಕೊಟ್ಟ.

ಅಷ್ಟರಲ್ಲಿ ಅಮ್ಮ ಕೈ ಒರೆಸಿಕೊಂಡು ಹತ್ತಿರ ಬಂದಳು. "ಎಲ್ಲಿ, ಬಾಯಿ ತೆಗಿ" ಅಂದಳು. ಚಿಕ್ಕವಳಿದ್ದಾಗ ಹಾಲು ಹಲ್ಲು ಅಲ್ಲಾಡಿದರೆ ಮಾಡುತ್ತಿದ್ದ ಹಾಗೆ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಬೆರಳಲ್ಲಿ ಅವರೆಕಾಯಿ ಸೊಗಡು. ತುಂಬಾ ಹೊತ್ತು ನೋಡಿದಳು, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು. ಆಮೇಲೆ ಮೆಲ್ಲಗೆ, ನನಗೊಬ್ಬಳಿಗೇ ಅನ್ನುವ ಹಾಗೆ, ಕೇಳಿದಳು. "ನಂಗೂ ಹಾಕ್ತಾರೇನೇ?"

ನಾನು ಜೋರಾಗಿ ನಕ್ಕೆ. ಅಕ್ಕ ಏನಾಯ್ತೆಂದು ಕೇಳಿದಳು. ನಾನು ಹೇಳಿದೆ. ಭಾವ ಪೇಪರ್ ಕೆಳಗಿಳಿಸಿ, "ಅತ್ತೆ, ನಿಮಗೆ ಇನ್ನು ಕ್ಲಿಪ್ ಅಲ್ಲ, ಸೆಟ್ಟು" ಅಂದರು. ಭಾವ ಒಳ್ಳೆಯವರೇ. ಅಮ್ಮನ ಕಣ್ಣಿನ ಪೊರೆ ಆಪರೇಷನ್‌ಗೆ ಓಡಾಡಿದವರು ಅವರೇ. ಆದರೆ ಯಾವ ಮಾತೂ ತಮ್ಮ ಜೋಕಿಲ್ಲದೆ ಮುಗಿಯಬಾರದು ಅನ್ನುವ ಜಾತಿ. ಅಮ್ಮನೂ ನಕ್ಕಳು, ಸೆರಗು ಬಾಯಿಗೆ ಅಡ್ಡ ಹಿಡಿದು. "ಸುಮ್ನೆ ಕೇಳ್ದೆ" ಅಂದು ಕಾಳಿನ ಮುಂದೆ ಕೂತಳು.

ನನ್ನ ಕ್ಲಿಪ್ಪಿನ ಕಥೆಯನ್ನೂ ಹೇಳಬೇಕು. ನನ್ನ ಮುಂದಿನ ಹಲ್ಲು ಉಬ್ಬು. ಅದರ ಮೇಲೆ ಕಂದು ಪಟ್ಟೆ. ಊರಲ್ಲಿದ್ದಾಗ ಅದು ಲೆಕ್ಕಕ್ಕೇ ಇರಲಿಲ್ಲ, ಯಾಕಂದರೆ ಕ್ಲಾಸಿನ ಅರ್ಧ ಮಕ್ಕಳ ಹಲ್ಲು ಹಾಗೇ ಇತ್ತು. ಪಿಯುಸಿಗೆ ತುಮಕೂರಿಗೆ ಬಂದ ಮೊದಲ ವಾರ ಹಾಸ್ಟೆಲ್‌ನಲ್ಲಿ ಒಬ್ಬಳು, "ನಿಮ್ ಕಡೆ ಹಲ್ಲು ಉಜ್ಜಲ್ವಾ?" ಅಂದಳು. ಅವಳು ಕೆಟ್ಟವಳಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದಳು. ಆಮೇಲೆ ನಾನು ಉಪ್ಪು, ಇದ್ದಿಲು, ಬೂದಿ ಎಲ್ಲ ಹಾಕಿ ದಿನಕ್ಕೆ ಮೂರು ಸಲ ಉಜ್ಜಿದೆ. ವಸಡಿನಿಂದ ರಕ್ತ ಬಂತು, ಪಟ್ಟೆ ಹೋಗಲಿಲ್ಲ. ಅವತ್ತಿನಿಂದ ನನ್ನ ಒಂದು ಫೋಟೋದಲ್ಲೂ ಹಲ್ಲು ಕಾಣುವುದಿಲ್ಲ. ಮದುವೆ ಆಲ್ಬಮ್ಮಿನಲ್ಲಿ ಯಾರೋ ಬೈದು ಕೂರಿಸಿದ ಹಾಗಿದ್ದೇನೆ.

ಉಜ್ಜಿದರೆ ಯಾಕೆ ಹೋಗಲ್ಲ ಅಂತ ಗೊತ್ತಾಗಿದ್ದು ಬಿ.ಎಸ್ಸಿ. ಓದುವಾಗ. ಅದು ಮೇಲೆ ಹತ್ತಿದ ಕಲೆ ಅಲ್ಲ. ಹಲ್ಲು ಇನ್ನೂ ದವಡೆಯೊಳಗೆ ತಯಾರಾಗುವಾಗಲೇ ನೀರಿನ ಫ್ಲೋರೈಡ್ ಸೇರಿ ಎನಾಮಲ್, ಅಂದರೆ ಹಲ್ಲಿನ ಮೇಲ್ಪದರ, ಕೆಟ್ಟಿರುತ್ತದೆ. ಎಂಟು ವರ್ಷದೊಳಗೆ ಕುಡಿದ ನೀರಿನ ಗುರುತು ಅದು. ಒಂದು ಲೀಟರ್ ನೀರಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಪರವಾಗಿಲ್ಲ, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎನ್ನುವುದು ನಮ್ಮ ದೇಶದ ಮಾನದಂಡ. ನಾವು ಬೆಳೆದಿದ್ದು ಬೋರಿಂಗ್ ನೀರಲ್ಲಿ. ಅದನ್ನು ಯಾರು ಅಳೆದಿದ್ದರು? ಈಗ ಊರಲ್ಲಿ ಶುದ್ಧ ನೀರಿನ ಘಟಕ ಇದೆ, ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ.

ತಮಾಷೆ ನೋಡಿ, ಅಮ್ಮನ ಹಲ್ಲು ಬೆಳ್ಳಗಿದೆ. ಅವಳ ತವರು ಕುಣಿಗಲ್ ಕಡೆ. ಕೆರೆ, ಸೇದೋ ಬಾವಿ. ಹಲ್ಲು ಗಟ್ಟಿಯಾದ ಮೇಲೆ ಮದುವೆಯಾಗಿ ಪಾವಗಡಕ್ಕೆ ಬಂದಳು. ಅವಳ ಹಲ್ಲು ಸೊಟ್ಟ, ನಮ್ಮದು ಕಂದು. ನನಗೆ ಮಾತ್ರ ಎರಡೂ ಸಿಕ್ಕಿತು.

ಹೋದ ವರ್ಷ ಅಕ್ಕನ ಮಗನ ಜೊತೆ ಕ್ಲಿನಿಕ್ಕಿಗೆ ಹೋಗಿದ್ದೆ. ಅವನನ್ನು ಟೈಟ್ ಮಾಡಿಸಲು ಕೂರಿಸಿ ಡಾಕ್ಟರ್ ಹತ್ತಿರ ಏನೋ ಕೇಳಿದೆ. ಅವರು ನನ್ನ ಮುಖ ನೋಡಿ, "ಪಾವಗಡದವರಾ?" ಅಂದರು. ನಮ್ಮ ಮಾತಲ್ಲಿ ತೆಲುಗಿನ ರಾಗ ಇರುತ್ತದೆ, ಅದನ್ನು ಹಿಡಿದರೇನೋ ಅಂದುಕೊಂಡೆ. ಅಲ್ಲ, ಹಲ್ಲು ನೋಡಿ ಹೇಳಿದ್ದು. ಬಾಯಿ ಬಿಟ್ಟರೆ ಊರು ಗೊತ್ತಾಗುತ್ತೆ ಅನ್ನುವುದು ಇದಕ್ಕೇ ಇರಬೇಕು. ಬೇಜಾರಾಗಬೇಕಿತ್ತು. ಆಗಲಿಲ್ಲ. ಇದು ನನ್ನ ಕೊಳಕಲ್ಲ ಅಂತ ಮೊದಲ ಸಲ ಒಬ್ಬರು ಕೇಳದೆಯೇ ಒಪ್ಪಿಕೊಂಡ ಹಾಗಾಯಿತು. ಎಂಟು ತಿಂಗಳು ಯೋಚಿಸಿ, 44ನೇ ವಯಸ್ಸಿಗೆ ಕಂತಿನಲ್ಲಿ ದುಡ್ಡು ಕಟ್ಟಿ ಕ್ಲಿಪ್ ಹಾಕಿಸಿಕೊಂಡೆ.

ಬ್ರಾಕೆಟ್ ಪದೇ ಪದೇ ಕಳಚುವುದಕ್ಕೂ ಅದೇ ನೀರು ಕಾರಣ. ಅಂಟು ಹಿಡಿಯಲಿ ಅಂತ ಮೊದಲು ಆಸಿಡ್ ಸವರಿ ಹಲ್ಲಿನ ಮೇಲ್ಪದರವನ್ನು ತರಿ ಮಾಡುತ್ತಾರೆ. ಫ್ಲೋರೈಡ್ ತಿಂದ ಹಲ್ಲಿನ ಮೇಲ್ಪದರ ಆಸಿಡ್ಡಿಗೂ ಜಗ್ಗುವುದಿಲ್ಲ. ಕಡಲೆಕಾಯಿಯದ್ದೂ ತಪ್ಪಿದೆ, ಇಲ್ಲ ಅನ್ನುವುದಿಲ್ಲ.

ಮೊದಲ ನಾಲ್ಕು ದಿನ ಇಡ್ಲಿ ಕಚ್ಚಿದರೂ ಹಲ್ಲು ಜುಂ ಅನ್ನುತ್ತಿತ್ತು. ಆಗ ಕಾಪಾಡಿದ್ದು ಮುದ್ದೆ. ಅಗಿಯುವ ಕೆಲಸವೇ ಇಲ್ಲ, ಸಾರಲ್ಲಿ ಅದ್ದಿ ನುಂಗು. ಫೋನಲ್ಲಿ ಅಮ್ಮನಿಗೆ ಹೇಳಿದ್ದಕ್ಕೆ, "ನೋಡು, ಆ ಡಾಕ್ಟರಿಗಿಂತ ಮುಂಚೆ ನಮ್ಮೋರಿಗೆ ಗೊತ್ತಿತ್ತು" ಅಂದಿದ್ದಳು. ಬೆಂಗಳೂರಿನ ಯಾವ ಕ್ಲಿನಿಕ್ಕೂ ಮುದ್ದೆಯನ್ನು ಪಥ್ಯ ಅಂತ ಬರೆದುಕೊಡುವುದಿಲ್ಲ. ಬರೆದುಕೊಡಬೇಕು.

ಅಕ್ಕನ ಮಗನಿಗೆ ಕ್ಲಿಪ್ ಒಂದು ಮೆರವಣಿಗೆ. ತಿಂಗಳಿಗೊಮ್ಮೆ ರಬ್ಬರ್ ಬಳೆಯ ಬಣ್ಣ ಬದಲು. ನವೆಂಬರ್‌ನಲ್ಲಿ ಹಳದಿ ಕೆಂಪು ಹಾಕಿಸಿಕೊಂಡು ಇಡೀ ಶಾಲೆಗೆ ಹಲ್ಲು ಕಿರಿದು ತೋರಿಸಿ ಬಂದ. ನಾನು ಹಾಕಿಸಿದ್ದು ಬೂದು ಬಣ್ಣ, ಕಾಣಬಾರದು ಅಂತ. ಆದರೂ ಕಂಡಿತು. ಸ್ಟಾಫ್ ರೂಮಿನಲ್ಲಿ ಒಬ್ಬರು, "ಏನ್ ಮೇಡಂ, ಈ ವಯಸ್ಸಲ್ಲಿ! ಹುಡುಗ ನೋಡೋಕೆ ಬರ್ತಿದ್ದಾರಾ?" ಅಂದರು. ನನಗೆ ಎರಡು ದಿನ ಊಟ ಸೇರಲಿಲ್ಲ. ಅವರು ಮಾತ್ರ ಇಡೀ ತಲೆಗೆ ಡೈ ಹಾಕಿಕೊಂಡು ಬರುತ್ತಾರೆ. ಅದನ್ನು ನಾನು ಯಾವತ್ತಾದರೂ ಆಡಿದ್ದೀನಾ?

ಅಂಥ ನಾನು ಅಮ್ಮನನ್ನು ನೋಡಿ ನಕ್ಕೆ. ತುಂಬಿದ ಬಸ್ಸಿಗೆ ನೂಕಿಕೊಂಡು ಹತ್ತಿ, ಹತ್ತಿದ ಕೂಡಲೇ "ಜಾಗ ಇಲ್ಲ, ರೈಟ್ ರೈಟ್" ಅನ್ನುವವರಿರುತ್ತಾರಲ್ಲ, ಹಾಗೆ.

ಭಾನುವಾರ ರಾತ್ರಿ ಮಲಗಿದಾಗ ಹಳೆಯದೆಲ್ಲ ಬಂತು. ಅಮ್ಮ ನಗುವಾಗ ಸೆರಗು ಬಾಯಿಗೆ ಹೋಗುತ್ತದೆ. ಯಾವಾಗಲೂ. ಅಜ್ಜಿಗೆ ಹೆದರಿ ಅಭ್ಯಾಸವಾಗಿದೆ, ದೊಡ್ಡವರ ಮುಂದೆ ಹೆಂಗಸರು ಹಲ್ಲು ಬಿಡಬಾರದು ಅಂತಿತ್ತಲ್ಲ, ಅದು ಅಂದುಕೊಂಡಿದ್ದೆ. ಆದರೆ ಅಜ್ಜಿ ಹೋಗಿ ಇಪ್ಪತ್ತು ವರ್ಷವಾಯಿತು. ಅಪ್ಪನೂ ಇಲ್ಲ. ನಾವು ಮಕ್ಕಳಷ್ಟೇ ಇದ್ದಾಗಲೂ, ಟಿವಿಯಲ್ಲಿ ಕಾಮಿಡಿ ನೋಡುವಾಗಲೂ ಸೆರಗು ಹೋಗುತ್ತಲ್ಲ? ಮೇಲಿನ ಎಡಗಡೆ ಅವಳಿಗೆ ಒಂದು ಹಲ್ಲಿನ ಮೇಲೆ ಇನ್ನೊಂದು ಹತ್ತಿ ಕೂತಿದೆ. "ಅದೃಷ್ಟದ ಹಲ್ಲು" ಅಂತ ಅವಳೇ ಹೇಳುತ್ತಿದ್ದಳು. ನಾವು ನಂಬಿದ್ದೆವು. ಇಷ್ಟು ವರ್ಷ ಅವಳು ಫೋಟೋದಲ್ಲಿ ಯಾವ ಕಡೆ ತಿರುಗುತ್ತಾಳೆ ಅಂತ ಒಂದು ದಿನವೂ ನೋಡಿರಲಿಲ್ಲ. ಎದ್ದು ಮೊಬೈಲಲ್ಲಿ ಹುಡುಕಿದೆ. ಎಲ್ಲದರಲ್ಲೂ ಬಲಗಡೆಯ ಕೆನ್ನೆ.

ಮಂಗಳವಾರ ಬ್ರಾಕೆಟ್ ಅಂಟಿಸಿಕೊಳ್ಳಲು ಹೋದಾಗ ಕೇಳಿದೆ. ಡಾಕ್ಟರ್ ನಗಲಿಲ್ಲ. ಮಕ್ಕಳಲ್ಲಾದರೆ ದವಡೆ ಇನ್ನೂ ಬೆಳೆಯುತ್ತಿರುತ್ತದೆ, ಆ ಬೆಳವಣಿಗೆಯನ್ನೇ ತಿದ್ದಬಹುದು. ದೊಡ್ಡವರಲ್ಲಿ ಅದಾಗಲ್ಲ. ಆದರೆ ಹಲ್ಲು ಸರಿಯುವುದಕ್ಕೆ ವಯಸ್ಸಿನ ಮಿತಿ ಇಲ್ಲ ಅಂದರು. ತಂತಿ ಒತ್ತಿದ ಕಡೆ ಮೂಳೆ ಕರಗುತ್ತದೆ, ಹಲ್ಲು ಬಿಟ್ಟುಬಂದ ಕಡೆ ಹೊಸ ಮೂಳೆ ಕಟ್ಟುತ್ತದೆ. ನಿಧಾನ, ಅಷ್ಟೇ. ವಸಡು, ಮೂಳೆ ಗಟ್ಟಿ ಇರಬೇಕು, ಶುಗರ್ ಹತೋಟಿಯಲ್ಲಿರಬೇಕು, ಮೂಳೆ ಸವೆತಕ್ಕೆ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಬೇಕು. "ಕರ್ಕೊಂಡ್ ಬನ್ನಿ, ಎಕ್ಸ್‌ರೇ ತೆಗೆದು ನೋಡೋಣ."

ಹೊರಗೆ ರಿಸೆಪ್ಷನ್ ಹುಡುಗಿ ಹೊಸ ಫೈಲಿಗೆ ವಯಸ್ಸು ಕೇಳಿದಳು. 69 ಅಂದೆ. "ಸೆಟ್ಟಿಗಾ ಮೇಡಂ?" "ಅಲ್ಲ, ಕ್ಲಿಪ್‌ಗೆ." ಪೆನ್ನು ನಿಂತಿತು. "ಒಂಬತ್ತಾ?" ಅಂದಳು. "ಅರವತ್ತೊಂಬತ್ತು" ಅಂದೆ, ಪಕ್ಕದ ಬೆಂಚಿನವರಿಗೂ ಕೇಳುವ ಹಾಗೆ.

ಸಂಜೆ ಊರಿಗೆ ಫೋನ್ ಮಾಡಿದೆ. ಕ್ಷಮಿಸು ಅಂತ ಹೇಳೋಣ ಅಂದುಕೊಂಡಿದ್ದೆ, ಅಮ್ಮನ ಹತ್ತಿರ ಅದೆಲ್ಲ ಬಾಯಿಗೆ ಬರುವುದಿಲ್ಲ. ಡಾಕ್ಟರ್ ಹೇಳಿದ್ದನ್ನಷ್ಟೇ ಹೇಳಿದೆ.

"ಅಯ್ಯೋ, ನಾನು ಸುಮ್ನೆ ಕೇಳಿದ್ದು ಕಣೇ. ಮಾಡೋಕೆ ಬೇರೆ ಕೆಲ್ಸ ಇಲ್ವಾ ನಿಂಗೆ" ಅಂದಳು. ಆಮೇಲೆ ಅವರೆಕಾಯಿ ರೇಟು ಇಳಿದಿದ್ದು, ಪಕ್ಕದ ಮನೆಯ ಎಮ್ಮೆ ಕರು ಹಾಕಿದ್ದು, ಕರೆಂಟು ಹೋಗಿದ್ದು ಎಲ್ಲ ಹೇಳಿದಳು. ಇಡ್ತೀನಿ ಅಂದಳು. ಇಡಲಿಲ್ಲ.

"ಅದು ಹಾಕ್ಕೊಂಡ್ರೂ ಮುದ್ದೆ ಉಣ್ಬೋದು ಅಂದಿದ್ಯಲ್ಲಾ?"

"ಉಣ್ಬೋದಮ್ಮಾ" ಅಂದೆ. "ನುಂಗೋದು ತಾನೆ."