ಸಣ್ಣ ಅಕ್ಷರದ ಬೆಲೆ

ಮನೆಯ ವರಮಾನ ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿದಾಗ ಕೈ ಹಾಕಲು ಸಿಗುವ ಖರ್ಚುಗಳು ತೀರಾ ಕಡಿಮೆ. ನಮ್ಮ ಕಷ್ಟ ನೋಡಿ ಯಾರೂ ಬಾಡಿಗೆ ಇಳಿಸುವುದಿಲ್ಲ. ಸಾಲದ ಕಂತು ನಿಲ್ಲುವುದಿಲ್ಲ. ಮಕ್ಕಳ ಶಾಲೆ, ಹಿರಿಯರ ಔಷಧಿ, ಇವುಗಳ ತಂಟೆಗೆ ಹೋಗುವಂತೆಯೇ ಇಲ್ಲ. ಕೊನೆಗೆ ಉಳಿಯುವುದು ದಿನಸಿ ಒಂದೇ. ಅಲ್ಲಿಯೂ ಹೊಟ್ಟೆಗೆ ಕಡಿಮೆ ಮಾಡದೆ ಬೆಲೆಯಲ್ಲಿ ಮಾತ್ರ ಕಡಿಮೆ ಮಾಡಿಕೊಳ್ಳಲು ಸಾಧ್ಯವೇ ಎಂಬುದು ಆ ವರ್ಷ ನನ್ನ ಮುಂದಿದ್ದ ಪ್ರಶ್ನೆ. ಉತ್ತರ ಗೊತ್ತಿದ್ದವಳು ನನ್ನ ಅಕ್ಕ. ಮದುವೆಯಾದಾಗಿನಿಂದಲೂ ಬಿಗಿ ಕೈಯಲ್ಲೇ ಸಂಸಾರ ತೂಗಿಸಿದವಳು ಅವಳು. "ಫೋನಿನಲ್ಲಿ ಹೇಳಿದರೆ ತಿಳಿಯುವುದಿಲ್ಲ. ಒಂದು ದಿನ ನನ್ನ ಜೊತೆ ರಿಯಾಯಿತಿ ಅಂಗಡಿಗೆ ಬಾ" ಎಂದಳು.

ಆ ಬೆಳಗ್ಗೆ ಅವಳು ನೇರ ಅಂಗಡಿಗೆ ಹೊರಡಲಿಲ್ಲ. ಮೊದಲು ನಮ್ಮ ಅಡುಗೆಮನೆಯ ಕಪಾಟು ತೆರೆಸಿದಳು. ಹಿಂದಿನ ಸಾಲಿನ ಡಬ್ಬಿಗಳನ್ನೆಲ್ಲ ಮುಂದಕ್ಕೆ ಎಳೆದು, ಮುಚ್ಚಳ ತೆಗೆದು ನೋಡಿ, ಇದ್ದುದನ್ನು ಒಂದು ಕಡೆ, ಮುಗಿಯುತ್ತಾ ಬಂದುದನ್ನು ಇನ್ನೊಂದು ಕಡೆ ಬರೆಸಿದಳು. ಸೋಪು ನಾನು ಎಣಿಸಿದ್ದಕ್ಕಿಂತ ಹೆಚ್ಚಿತ್ತು. "ಮನೆಯಲ್ಲಿ ಇರುವುದನ್ನು ಎಷ್ಟು ಅಗ್ಗಕ್ಕೆ ತಂದರೂ ಅದು ಖರ್ಚೇ" ಎಂದು ಪಟ್ಟಿಯಿಂದ ಅದನ್ನು ಹೊಡೆದುಹಾಕಿದಳು. ಅವಳ ಕೈಚೀಲದಲ್ಲಿ ಒಂದು ಹಳೆಯ ನೋಟುಪುಸ್ತಕ ಇತ್ತು. ಅದರಲ್ಲಿ ಸಾಮಾನಿನ ಹೆಸರು, ಅಂಗಡಿ, ತಿಂಗಳು, ಆಮೇಲೆ ಒಂದು ಅಂಕಿ. ಪೊಟ್ಟಣದ ಬೆಲೆ ಎಲ್ಲಿಯೂ ಇರಲಿಲ್ಲ. ಕಿಲೋ ಒಂದಕ್ಕೆ ಎಷ್ಟು, ಲೀಟರ್ ಒಂದಕ್ಕೆ ಎಷ್ಟು, ಅಷ್ಟೇ.

ರಿಯಾಯಿತಿ ಅಂಗಡಿ ಎಂದರೆ ಕೆಂಪು ಚೀಟಿಗಳ ಮೆರವಣಿಗೆ ಎಂದು ನಾನು ತಿಳಿದಿದ್ದೆ. ಒಳಗೆ ಹೋದರೆ ಅದಕ್ಕೆ ವಿರುದ್ಧ. ಅಲಂಕಾರವೇ ಇಲ್ಲ. ಸಾಮಾನು ಬಂದ ರಟ್ಟಿನ ಪೆಟ್ಟಿಗೆಯ ಮುಂಭಾಗವನ್ನು ಕತ್ತರಿಸಿ ಹಾಗೆಯೇ ಇಟ್ಟಿದ್ದರು. ಎಣ್ಣೆಯ ಡಬ್ಬಗಳು ಮರದ ಹಲಗೆಯ ಮೇಲೆ, ಲಾರಿಯಿಂದ ಇಳಿಸಿದ ರೀತಿಯಲ್ಲೇ ನಿಂತಿದ್ದವು. ಒಂದು ಸಾಮಾನಿಗೆ ಒಂದು ಇಲ್ಲವೇ ಎರಡು ಬಗೆ, ಅದರಲ್ಲಿ ಒಂದು ಅಂಗಡಿಯದೇ ಹೆಸರಿನದು. ಕೈಚೀಲ ನಾವೇ ಒಯ್ಯಬೇಕು, ತುಂಬುವವರೂ ನಾವೇ. ಅಗ್ಗದ ಗುಟ್ಟು ಇರುವುದು ಇಲ್ಲಿಯೇ. ಅಂಗಡಿ ಮಾಡದೆ ಬಿಟ್ಟ ಕೆಲಸಗಳಲ್ಲಿ ಒಂದು ಪಾಲು ನಮ್ಮ ಹೆಗಲಿಗೆ ಬರುತ್ತದೆ. ಅದರ ಕೂಲಿ ಬೆಲೆಯಲ್ಲಿ ಕಳೆಯುತ್ತದೆ.

ಈ ಪದ್ಧತಿಗೆ ನೂರು ವರ್ಷದ ಇತಿಹಾಸ ಇದೆ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದ. ಅದುವರೆಗೆ ಗಿರಾಕಿ ಪಟ್ಟಿ ಹೇಳಬೇಕು, ಒಳಗಿನವರು ತೆಗೆದು ಕಟ್ಟಿಕೊಡಬೇಕು. ಸಾಂಡರ್ಸ್ ಗಿರಾಕಿಯ ಕೈಗೇ ಬುಟ್ಟಿ ಕೊಟ್ಟು ಒಳಗೆ ಬಿಟ್ಟ. ಅದನ್ನು ಇನ್ನಷ್ಟು ಬಿಗಿ ಮಾಡಿದವರು ಜರ್ಮನಿಯ ಎಸ್ಸೆನ್ ನಗರದ ಕಾರ್ಲ್ ಮತ್ತು ಥಿಯೋ ಆಲ್ಬ್ರೆಕ್ಟ್ ಸೋದರರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ತಾಯಿಯ ಚಿಕ್ಕ ಅಂಗಡಿಯನ್ನು ವಹಿಸಿಕೊಂಡು, ಜನರ ಕೈಯಲ್ಲಿ ಕಾಸಿಲ್ಲದ ಆ ಕಾಲದಲ್ಲಿ ಕೆಲವೇ ಸಾಮಾನು, ಕನಿಷ್ಠ ಬೆಲೆ ಎಂಬ ದಾರಿ ಹಿಡಿದರು. ಸಿಗರೇಟು ಮಾರಬೇಕೇ ಬೇಡವೇ ಎಂಬ ಜಗಳದಲ್ಲಿ ಇಬ್ಬರೂ ವ್ಯಾಪಾರವನ್ನು ಉತ್ತರ, ದಕ್ಷಿಣ ಎಂದು ಹಂಚಿಕೊಂಡರು. ಆಲ್ಬ್ರೆಕ್ಟ್ ಡಿಸ್ಕೌಂಟ್ ಎಂಬ ಎರಡು ಪದಗಳ ಮೊದಲ ಅಕ್ಷರಗಳಿಂದಲೇ ಅವರ ಅಂಗಡಿಗಳಿಗೆ ಆಲ್ಡಿ ಎಂಬ ಹೆಸರು ಬಂದದ್ದು. ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಹತ್ತಾರು ಸಾವಿರ ಬಗೆಯ ಸಾಮಾನು ಇದ್ದರೆ, ಇಂಥ ಅಂಗಡಿಯಲ್ಲಿ ಒಂದೆರಡು ಸಾವಿರ ಇದ್ದರೆ ಹೆಚ್ಚು. ಬಗೆ ಕಡಿಮೆಯಾದಂತೆ ಒಂದೊಂದನ್ನೂ ಭಾರಿ ಪ್ರಮಾಣದಲ್ಲಿ ಕೊಳ್ಳಬಹುದು, ಜಾಗ ಕಡಿಮೆ ಸಾಕು, ಜೋಡಿಸುವ ಕೈಗಳೂ ಕಡಿಮೆ ಸಾಕು.

ಬಾಗಿಲಲ್ಲೇ ಅಕ್ಕ ದೊಡ್ಡ ತಳ್ಳುಗಾಡಿಯನ್ನು ಬಿಟ್ಟು ಕೈಬುಟ್ಟಿ ಎತ್ತಿಕೊಂಡಳು. ಅದರ ಹಿಂದೆಯೂ ಲೆಕ್ಕ ಇದೆ. 1937ರಲ್ಲಿ ಒಕ್ಲಹಾಮಾ ನಗರದ ಸಿಲ್ವನ್ ಗೋಲ್ಡ್‌ಮನ್ ಎಂಬ ಅಂಗಡಿಕಾರ ತಳ್ಳುಗಾಡಿ ತಂದದ್ದೇ, ಬುಟ್ಟಿ ಭಾರವಾಯಿತೆಂದು ಜನ ಕೊಳ್ಳುವುದನ್ನು ನಿಲ್ಲಿಸುತ್ತಿದ್ದರು ಎಂಬ ಕಾರಣಕ್ಕೆ. ಮೊದಮೊದಲು ಯಾರೂ ಅದನ್ನು ಮುಟ್ಟಲಿಲ್ಲವಂತೆ. ತಳ್ಳಿಕೊಂಡು ತಿರುಗಾಡಲೆಂದು ಸಂಬಳ ಕೊಟ್ಟು ಜನರನ್ನು ಇಟ್ಟ ಮೇಲೆ ರೂಢಿಗೆ ಬಂತು. ಕೈ ನೋಯುವಷ್ಟು ಭಾರ ಹೊತ್ತುಕೊಂಡಾಗ ಪಟ್ಟಿಯಲ್ಲಿ ಇಲ್ಲದ ವಸ್ತುವಿನತ್ತ ಕೈ ಚಾಚುವುದಿಲ್ಲ ಎಂಬುದು ಆ ದಿನ ನನ್ನ ಅನುಭವಕ್ಕೂ ಬಂತು.

ಬಟ್ಟೆ ಪುಡಿಯ ಸಾಲಿನಲ್ಲಿ ಅಕ್ಕ ನಿಂತಳು. ಎರಡು ಪೊಟ್ಟಣ ಪಕ್ಕಪಕ್ಕ, ಒಂದೇ ಎತ್ತರ, ಒಂದೇ ಅಗಲ. ಒಂದಕ್ಕೆ ರಿಯಾಯಿತಿಯ ಕೆಂಪು ಪಟ್ಟಿ, ಇನ್ನೊಂದಕ್ಕೆ ಏನೂ ಇಲ್ಲ. ಕೆಂಪು ಪಟ್ಟಿಯದಕ್ಕೆ ಬೆಲೆಯೂ ಕಡಿಮೆ. "ಯಾವುದು ಅಗ್ಗ?" ಎಂದು ಕೇಳಿದಳು. ಕಣ್ಣಿಗೆ ಕಂಡದ್ದನ್ನು ತೋರಿಸಿದೆ. ಅವಳು ಏನೂ ಹೇಳದೆ ಎರಡನ್ನೂ ಮಗುಚಿ ಹಿಂಬದಿ ತೋರಿಸಿದಳು. ಕೆಂಪು ಪಟ್ಟಿಯದರಲ್ಲಿ 850 ಗ್ರಾಂ, ಇನ್ನೊಂದರಲ್ಲಿ ಪೂರ್ತಿ ಒಂದು ಕಿಲೋ. ಶೆಲ್ಫಿನ ಅಂಚಿನಲ್ಲಿ ಬೆಲೆಯ ಚೀಟಿ ಇತ್ತು. ಅದರ ಕೆಳಗಿನ ಮೂಲೆಯಲ್ಲಿ, ಉಗುರಿನ ಅರ್ಧ ಎತ್ತರವೂ ಇಲ್ಲದ ಅಕ್ಷರದಲ್ಲಿ, ಕಿಲೋ ಒಂದಕ್ಕೆ ಎಷ್ಟು ಎಂದು ಮುದ್ರಿಸಿದ್ದರು. ಅಲ್ಲಿ ನೋಡಿದರೆ ಕೆಂಪು ಪಟ್ಟಿಯದೇ ದುಬಾರಿ. ದೊಡ್ಡ ಅಕ್ಷರ ಹೇಳುತ್ತಿದ್ದುದು ಪೊಟ್ಟಣದ ಬೆಲೆ, ಸಣ್ಣ ಅಕ್ಷರ ಹೇಳುತ್ತಿದ್ದುದು ಸಾಮಾನಿನ ಬೆಲೆ.

ಪೊಟ್ಟಣದ ಗಾತ್ರ ಹಾಗೆಯೇ ಇಟ್ಟು ಒಳಗಿನ ತೂಕ ಇಳಿಸುವುದು ಈಗ ಜಗತ್ತಿನ ಎಲ್ಲೆಡೆ ನಡೆಯುತ್ತಿದೆ. ಬೆಲೆ ಏರಿದರೆ ಗಿರಾಕಿ ಕೂಡಲೇ ಗುರುತಿಸುತ್ತಾನೆ, ತೂಕ ಇಳಿದರೆ ಬಹಳ ಮಂದಿ ಗುರುತಿಸುವುದಿಲ್ಲ. ಇದಕ್ಕೆ ಮದ್ದೆಂದರೆ ಆ ಸಣ್ಣ ಅಕ್ಷರವೇ. ಯುರೋಪಿಯನ್ ಒಕ್ಕೂಟ 1998ರಲ್ಲಿಯೇ, ಮಾರುವ ಬೆಲೆಯ ಜೊತೆಗೆ ಕಿಲೋ ಅಥವಾ ಲೀಟರಿನ ಬೆಲೆಯನ್ನೂ ಗಿರಾಕಿಗೆ ತಿಳಿಸಬೇಕೆಂದು ನಿಯಮ ಮಾಡಿತು. ಒಳ್ಳೆಯ ನಿಯಮ. ಆದರೆ ಅಕ್ಷರ ಕಣ್ಣಿಗೆ ಕಾಣದಷ್ಟು ಚಿಕ್ಕದಾದರೆ ನಿಯಮ ಇದ್ದೂ ಉಪಯೋಗವಿಲ್ಲ.

ಅಡುಗೆ ಎಣ್ಣೆಯಲ್ಲಿ ಇನ್ನೊಂದು ತೊಡಕು. ಒಂದು ಕಂಪನಿಯದು ಲೀಟರಿನಲ್ಲಿ, ಪಕ್ಕದ್ದು ಕಿಲೋದಲ್ಲಿ. ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಎಣ್ಣೆಯ ತೂಕ ಸುಮಾರು 920 ಗ್ರಾಂ. ಒಂದು ಕಿಲೋ ಎಣ್ಣೆ ಎಂದರೆ ಒಂದು ಲೀಟರಿಗಿಂತ ಹೆಚ್ಚು. ಎರಡರ ಬೆಲೆಯೂ ಒಂದೇ ಇದ್ದರೆ ಕಿಲೋದ ಡಬ್ಬವೇ ಲಾಭ. ಅಕ್ಕ ಶಾಲೆ ಬಿಟ್ಟದ್ದು ಚಿಕ್ಕ ವಯಸ್ಸಿನಲ್ಲಿ. ಆದರೂ ಈ ಲೆಕ್ಕವನ್ನು ಕಾಗದ ಮುಟ್ಟದೆ ಮಾಡುತ್ತಾಳೆ. ನನಗೆ ಮೊಬೈಲ್ ತೆಗೆಯಬೇಕಾಯಿತು.

ನಾನು ಹಾಗೆ ಲೆಕ್ಕ ಹಾಕುತ್ತಿದ್ದಾಗ ಪಕ್ಕದಲ್ಲಿ ಹಿರಿಯರೊಬ್ಬರು ಬಂದು ನಿಂತರು. ಕನ್ನಡಕವನ್ನು ಹಣೆಗೆ ಏರಿಸಿ, ಇಳಿಸಿ, ಚೀಟಿಯ ಹತ್ತಿರಕ್ಕೆ ಬಗ್ಗಿ ನೋಡಿದರು. ಆಮೇಲೆ ಸಂಕೋಚದಿಂದಲೇ, "ಅಮ್ಮಾ, ಇದರಲ್ಲಿ ಎಷ್ಟು ಬರೆದಿದೆ, ಸ್ವಲ್ಪ ಓದಿ ಹೇಳುತ್ತೀಯಾ?" ಎಂದರು. ಓದಿ ಹೇಳಿದೆ. "ಹಾಗಾದರೆ ಚಿಕ್ಕದು ಎರಡು ತೆಗೆದುಕೊಂಡರೆ ದೊಡ್ಡದಕ್ಕಿಂತ ಕಡಿಮೆಯಾಯಿತು ಅಲ್ಲವೇ?" ಎಂದರು. ಹೌದು, ಆ ದಿನ ಹಾಗೆಯೇ ಇತ್ತು. ದೊಡ್ಡ ಪೊಟ್ಟಣವೇ ಯಾವಾಗಲೂ ಲಾಭ ಎಂಬ ನಂಬಿಕೆ ಎಷ್ಟೋ ಸಲ ನಿಜ, ಆದರೆ ಪ್ರತಿ ಸಲವೂ ಅಲ್ಲ. "ನಾನೂ ದೊಡ್ಡದನ್ನೇ ಒಯ್ಯುತ್ತಿದ್ದೆ, ಅಕ್ಷರ ಕಾಣುವುದಿಲ್ಲ ನೋಡಿ" ಎಂದು ಅವರು ಚಿಕ್ಕವೆರಡನ್ನು ಬುಟ್ಟಿಗೆ ಹಾಕಿಕೊಂಡರು. "ಇನ್ನೇನಾದರೂ ಓದಬೇಕಿದೆಯೇ, ಯಜಮಾನರೇ?" ಎಂದು ಕೇಳಿದೆ. ಅವರ ಪಟ್ಟಿಯಲ್ಲಿದ್ದುದೇ ಸ್ವಲ್ಪ, ಎಲ್ಲವನ್ನೂ ಒಟ್ಟಿಗೆ ನೋಡಿ ಮುಗಿಸಿದೆವು.

ಅವರು ಹೋದ ಮೇಲೆ ನನಗೆ ಸಿಟ್ಟು ಬಂತು, ಇಂದಿಗೂ ಇದೆ. ಈ ಅಂಗಡಿಗೆ ಯಾರಿಗೆ ಅಗತ್ಯ ಹೆಚ್ಚೋ ಅವರಿಗೇ ಆ ಅಕ್ಷರ ಕಾಣುವುದಿಲ್ಲ. ಪಿಂಚಣಿಯಲ್ಲಿ ದಿನ ದೂಡುವವರು, ದಿನವಿಡೀ ದುಡಿದು ಕಣ್ಣು ಸೋತವರು, ಎರಡಕ್ಷರ ಓದಲು ಕಷ್ಟಪಡುವವರು, ಇವರೆಲ್ಲ ಕಾಣುವ ದೊಡ್ಡ ಅಂಕಿಯನ್ನೇ ನಂಬಿ ಕೊಳ್ಳಬೇಕು. ಚೀಟಿಯಲ್ಲಿ ಜಾಗ ಇಲ್ಲವೆಂದಲ್ಲ. ಕಂಪನಿಯ ಚಿತ್ರಕ್ಕೆ, ಕೆಂಪು ಬಣ್ಣಕ್ಕೆ ಬೇಕಾದಷ್ಟು ಜಾಗ ಇತ್ತು.

ಅಂಗಡಿಯದೇ ಹೆಸರಿನ ಸಾಮಾನಿನ ಬಗ್ಗೆ ನನಗೆ ಅನುಮಾನ ಇತ್ತು. ಅಗ್ಗದ್ದು ಕಳಪೆಯಾಗಿರಬಹುದು ಎಂಬ ಭಯ. ಅಕ್ಕನ ವಿಧಾನ ಸರಳ: ಒಂದು ಸಲಕ್ಕೆ ಒಂದೇ ಹೊಸ ವಸ್ತು, ಅದೂ ಚಿಕ್ಕ ಪೊಟ್ಟಣ. ಹಿಂಬದಿಯಲ್ಲಿ ಏನೇನು ಹಾಕಿದ್ದಾರೆ ಎಂಬ ಪಟ್ಟಿಯನ್ನು ಹೆಸರುವಾಸಿಯಾದದ್ದರ ಪಟ್ಟಿಯ ಜೊತೆ ಹಿಡಿದು ನೋಡುತ್ತಾಳೆ. ಮೊದಲು ಬರೆದಿರುವುದು ಪ್ರಮಾಣದಲ್ಲಿ ಹೆಚ್ಚು ಇರುವ ಪದಾರ್ಥ ಎಂಬುದು ಅವಳಿಗೆ ಗೊತ್ತು. ಉಪ್ಪು, ಸಕ್ಕರೆಯಂಥವುಗಳಲ್ಲಿ ಹೆಸರಿಗೆ ಹಣ ಕೊಡುವುದು ದಂಡ ಎಂಬುದು ಅವಳ ತೀರ್ಪು, ನನ್ನದೂ ಅದೇ. ಆದರೆ ಪಾತ್ರೆ ತೊಳೆಯುವ ಸೋಪನ್ನು ಅವಳು ಅಲ್ಲಿ ಕೊಳ್ಳುವುದಿಲ್ಲ. ಬೇಗ ಕರಗುತ್ತದೆ, ಅಗ್ಗ ಅನ್ನಿಸಿದ್ದು ತಿಂಗಳ ಕೊನೆಗೆ ಅಗ್ಗವಾಗಿ ಉಳಿಯುವುದಿಲ್ಲ.

ದಿನಾಂಕ ಹತ್ತಿರ ಬಂದ ಸಾಮಾನಿಗೆ ಅರ್ಧ ಬೆಲೆಯ ಬುಟ್ಟಿ ಇತ್ತು. ಅಲ್ಲಿಯೂ ಓದುವುದು ಮುಖ್ಯ. ಇಂಥ ದಿನದೊಳಗೆ ಬಳಸಿದರೆ ಉತ್ತಮ ಎಂದಿದ್ದರೆ ಅದು ರುಚಿ, ಗರಿಗರಿತನದ ಮಾತು. ಈ ದಿನದ ನಂತರ ಬಳಸಬೇಡಿ ಎಂದಿದ್ದರೆ ಅದು ಆರೋಗ್ಯದ ಮಾತು, ಅದರಲ್ಲಿ ರಾಜಿ ಇಲ್ಲ. ಅಕ್ಕ ಬುಟ್ಟಿಯಿಂದ ಒಂದು ಬಿಸ್ಕತ್ತಿನ ಪೊಟ್ಟಣ ಎತ್ತಿದಳು, ಅದೂ ಆ ಸಂಜೆಯೇ ಮಕ್ಕಳು ಮುಗಿಸುತ್ತಾರೆ ಎಂಬ ಖಾತ್ರಿಯಿಂದ. ಮಧ್ಯದ ಸಾಲಿನಲ್ಲಿ ರಾಶಿ ಬಿದ್ದಿದ್ದ ಪ್ಲಾಸ್ಟಿಕ್ ಡಬ್ಬಿ, ಟಾರ್ಚು, ಚಪ್ಪಲಿಗಳ ಕಡೆ ತಿರುಗಿಯೂ ನೋಡಲಿಲ್ಲ.

ಕೌಂಟರಿನಲ್ಲಿ ಒಬ್ಬಳೇ ಹುಡುಗಿ. ಅವಳ ಕೈ ನಿಂತದ್ದನ್ನು ನಾನು ನೋಡಲಿಲ್ಲ. ಅಂಗಡಿಯ ಹೆಸರಿನ ಪೊಟ್ಟಣಗಳ ಒಂದಕ್ಕಿಂತ ಹೆಚ್ಚು ಬದಿಯಲ್ಲಿ ಬಾರ್‌ಕೋಡ್ ಹಾಕಿದ್ದರು, ತಿರುಗಿಸುವ ಕ್ಷಣವೂ ಉಳಿಯಲಿ ಎಂದು. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲೆ ಮೊದಲ ಸಲ ಆ ಗೆರೆಗಳನ್ನು ಯಂತ್ರ ಓದಿತು. ಇಂಥ ಯಂತ್ರ ತಮ್ಮಲ್ಲಿಗೆ ಬರುವ ಮುಂಚೆ ಆಲ್ಡಿಯ ಕೌಂಟರಿನವರು ಸಾಮಾನಿನ ಬೆಲೆಯನ್ನು ಬಾಯಿಪಾಠ ಮಾಡಿಕೊಳ್ಳಬೇಕಿತ್ತು. ಸ್ವಲ್ಪ ಹೊತ್ತಿನ ಮುಂಚೆ ಇದೇ ಹುಡುಗಿ ಎಣ್ಣೆಯ ಪೆಟ್ಟಿಗೆಗಳನ್ನು ಎಳೆದು ತರುತ್ತಿದ್ದುದನ್ನು ನೋಡಿದ್ದೆ. ನಮಗೆ ಉಳಿಯುವ ಹಣದಲ್ಲಿ ಅವಳ ಬೆನ್ನಿನ ನೋವೂ ಸೇರಿದೆ. ಅಕ್ಕ ಸಾಮಾನನ್ನು ಭಾರದ್ದು ಮೊದಲು, ಹಗುರದ್ದು ಆಮೇಲೆ ಎಂದು ಜೋಡಿಸಿಟ್ಟು, ಕೈಚೀಲದ ಬಾಯಿ ತೆರೆದು ಹಿಡಿದಳು. "ನಿಧಾನಕ್ಕೆ ಮಾಡಮ್ಮಾ, ನಮಗೆ ಅವಸರ ಇಲ್ಲ" ಎಂದಳು. ಹುಡುಗಿ ತಲೆಯೆತ್ತಿ ನೋಡಿ ನಕ್ಕಳು, ಕೈ ಮಾತ್ರ ಅದೇ ವೇಗದಲ್ಲಿ ಓಡುತ್ತಿತ್ತು.

ಬಿಲ್ಲಿನ ಕೆಳಗೆ ನೀವು ಇಷ್ಟು ಉಳಿಸಿದ್ದೀರಿ ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸಿತ್ತು. ಅಕ್ಕ ಆ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಗಡಿಯವರು ತಾವೇ ಬರೆದ ಹೆಚ್ಚಿನ ಬೆಲೆಯಿಂದ ತಾವೇ ಕಳೆದು ತೋರಿಸುವ ಅಂಕಿ ಅದು. ಮನೆಗೆ ಬಂದು ನೋಟುಪುಸ್ತಕ ಬಿಚ್ಚಿ, ನಾನು ಹಿಂದಿನ ತಿಂಗಳು ಬೇರೆ ಕಡೆ ಕೊಂಡಿದ್ದ ಅದೇ ಸಾಮಾನಿನ ಬಿಲ್ಲನ್ನು ಪಕ್ಕದಲ್ಲಿಟ್ಟು, ಕಿಲೋ ಲೆಕ್ಕದಲ್ಲಿ ಒಂದೊಂದಾಗಿ ಹೋಲಿಸಿದಳು. ಹೆಚ್ಚಿನವು ಇಲ್ಲಿ ಅಗ್ಗವಾಗಿದ್ದವು. ಹಣ್ಣು ತರಕಾರಿ ಆಗಿರಲಿಲ್ಲ, ಅವನ್ನು ಇನ್ನು ಅಲ್ಲಿ ಕೊಳ್ಳುವುದಿಲ್ಲ ಎಂದು ಬರೆದೆವು. ಎಲ್ಲ ಕೂಡಿಸಿ ನೋಡಿದಾಗ ಸುಮಾರು ಐದನೆಯ ಒಂದು ಪಾಲು ಉಳಿದಿತ್ತು. ಆ ಮೊತ್ತವನ್ನು ಅಕ್ಕ ಅಂದೇ ಲಕೋಟೆಗೆ ಹಾಕಿಸಿದಳು. ಪರ್ಸಿನಲ್ಲೇ ಬಿಟ್ಟರೆ ಬೇರೆಲ್ಲೋ ಹೋಗುತ್ತದೆ, ಆಗ ಇಷ್ಟೆಲ್ಲ ಲೆಕ್ಕ ಹಾಕಿದ್ದಕ್ಕೆ ಏನು ಬೆಲೆ ಎಂದಳು. ಆ ವರ್ಷ ಅತ್ತೆಯವರ ಔಷಧಿಗೆ ಕೈ ಸಾಲ ಮಾಡಬೇಕಾಗಿ ಬರಲಿಲ್ಲ. ಅದಕ್ಕೆ ಆದದ್ದು ಆ ಲಕೋಟೆಯೇ.

ಈಗ ನಮ್ಮ ಕೈ ಅಷ್ಟು ಬಿಗಿಯಾಗಿಲ್ಲ. ಆದರೂ ಅದೇ ಅಂಗಡಿಗೇ ಹೋಗುತ್ತೇನೆ. ಬಾಗಿಲ ಹತ್ತಿರ ಸಲಹಾ ಪೆಟ್ಟಿಗೆ ಇದೆ. ಕಿಲೋ ಬೆಲೆಯನ್ನು ಪೊಟ್ಟಣದ ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಕೆಳಗಿನ ಸಾಲಿನ ಚೀಟಿಗಳನ್ನು ಬಗ್ಗದೆ ಓದುವಂತೆ ಓರೆಯಾಗಿ ಅಂಟಿಸಿ ಎಂದು ಬರೆದು ಹಾಕಿದೆ. ಮೇಲ್ವಿಚಾರಕರು ಒಮ್ಮೆ ಎದುರಿಗೆ ಸಿಕ್ಕಾಗ, ಮೇಲಿನವರಿಗೆ ಕಳಿಸಿದ್ದೇವೆ ಎಂದರು. ಓರೆ ಅಂಟಿಸುವುದು ಕೆಲವು ಸಾಲುಗಳಲ್ಲಿ ಆಗಿದೆ. ಅಕ್ಷರ ಇನ್ನೂ ಚಿಕ್ಕದೇ. ಈ ತಿಂಗಳು ಮತ್ತೆ ಬರೆದೆ, ಅಕ್ಕನ ಕೈಯಲ್ಲೂ ಒಂದು ಬರೆಸಿ ಹಾಕಿಸಿದ್ದೇನೆ.